ಬಾವಿ ದಂಡೆಯ ಚಪ್ಪಲಿಗಳು

ಕಂಪ್ಯೂಟರ್ ನನ್ನ ಮಾತು ಕೇಳದಿದ್ದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಲಬುರಗಿಯ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡಿ ಹೊಟ್ಟೆ ಹೊರೆಯುವವನು ನಾನು. ಹುಡುಗರೆದುರು ಅದು ಎದುರಾಡಿದರೆ ಮರ್ಯಾದೆಯ ಪ್ರಶ್ನೆ. ಅದರ ಒಡಲಲ್ಲಿ ಕರ್ನಲ್ ಎಂಬ ಯಜಮಾನನಿದ್ದಾನೆ. ಬೇಕಾದಾಗ ಅವನಿಗೆ ಜೋಡಿಸಿ, ಬೇಡವಾದಾಗ ಬಿಚ್ಚುವ ತುಣುಕುಗಳೇ ಮಾಡ್ಯೂಲುಗಳು. ಬಿಚ್ಚು ಎಂದರೆ ಒಮ್ಮೊಮ್ಮೆ ‘ಬಳಕೆಯಲ್ಲಿದೆ’ ಎಂದು ಖಡಾಖಂಡಿತ ಒಲ್ಲೆ ಎನ್ನುತ್ತಾನೆ. ಆ ತುಣುಕಿನೊಳಗೆ ಇನ್ನೂ ಎಷ್ಟು ಮಂದಿ ಕೆಲಸದಲ್ಲಿದ್ದಾರೆಂದು ಎಣಿಕೆ ಇಟ್ಟಿರುತ್ತಾನೆ. ಅದು ಸೊನ್ನೆಗೆ ಇಳಿದರೆ ಮಾತ್ರ ಬಿಚ್ಚುತ್ತಾನೆ. ಇದು ಬರೀ ಹಟಮಾರಿತನ ಎಂದುಕೊಂಡಿದ್ದೆ, ಕಮಲಾಪುರದ ಬಾವಿಗೆ ಇಳಿಯುವವರೆಗೆ.

ಕಳೆದ ಬೇಸಿಗೆ ಅಲ್ಲಿ ಅಕ್ಕನ ಬಾಳೆತೋಟದ ಬಾವಿಯ ಹೂಳು ತೆಗೆಸುತ್ತಿದ್ದರು. ಉಸ್ತುವಾರಿ ಮೆಹಬೂಬ್ ಚಾಚಾ ಅವರದು. ಅವರ ಕಾಯಿದೆ ಒಂದೇ: ಇಳಿಯುವವರು ದಂಡೆಯ ಮೇಲೆ ಚಪ್ಪಲಿ ಬಿಡಬೇಕು, ಹತ್ತಿ ಬಂದವರು ಮೆಟ್ಟಿಕೊಂಡು ಹೋಗಬೇಕು. ಒಂದು ಜೋಡಿ ಉಳಿದಿದ್ದರೂ ಏಣಿ ಎತ್ತುವಂತಿಲ್ಲ. ನಾನೋ, ಕೆಸರಾದೀತೆಂದು ಬೂಟನ್ನು ಕಾರಿನಲ್ಲೇ ಬಿಟ್ಟು, ಯಾರಿಗೂ ಹೇಳದೆ ಇಳಿದುಬಿಟ್ಟೆ. ತಳದಲ್ಲಿ ಗೋಡೆಯೊಳಗಿನ ಗೂಡಿಗೆ ಹೊಕ್ಕು ಹಳೆಯ ಕಲ್ಲುಕೆಲಸ ನೋಡುತ್ತ ಮೈಮರೆತೆ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಹತ್ತಿಹೋಗಿದ್ದರು. ತಿರುಗಿ ನೋಡಿದರೆ ಏಣಿ ಇಲ್ಲ! ಕೂಗಿಕೊಂಡೆ. ಪಾಠ ಹೇಳಿ ಪಳಗಿದ ಗಂಟಲು ಅವತ್ತು ನಿಜಕ್ಕೂ ಉಪಯೋಗಕ್ಕೆ ಬಂತು.

ಏಣಿ ಇಳಿಬಿಟ್ಟು ನನ್ನನ್ನು ಮೇಲೆ ಹತ್ತಿಸಿಕೊಂಡ ಚಾಚಾ ಕೇಳಿದರು: “ಸರ್, ನಿಮ್ಮ ಚಪ್ಪಲಿ ಎಲ್ಲಿ ಅದಾವ್ರೀ?”

“ಕಾರಿನ್ಯಾಗ.”

“ಮತ್ತ ನೀವೂ ಕಾರಿನ್ಯಾಗೇ ಅದೀರಿ ಅಂತ ತಿಳಕೊಂಡೆ ನೋಡ್ರಿ.”

ಅಷ್ಟರಲ್ಲಿ, ಬೆವರೊರೆಸಲು ತೆಗೆದಿಟ್ಟ ಕನ್ನಡಕ ಗೂಡಿನಲ್ಲೇ ಉಳಿದದ್ದು ನೆನಪಾಯಿತು. ಬೂಟು ತರಲು ಹೊರಟವನನ್ನು ಚಾಚಾ ತಡೆದು, ತಮ್ಮ ಚಪ್ಪಲಿ ತೆಗೆದು ದಂಡೆಗಿಟ್ಟರು. “ಇವು ನಿಮ್ಮ ಹೆಸರಿಲೆ ಇರ್ಲಿ. ಹೋಗಿ ಬರ್ರಿ.”

ಕರ್ನಲ್ಲಿನ ರೀತಿಯೂ ಇದೇ. ಒಳಗಿದ್ದವನು ತನ್ನ ಎಣಿಕೆಯನ್ನು ತಾನೇ ಹಾಕಿಕೊಂಡರೆ ನಂಬುವಂತಿಲ್ಲ, ಅಷ್ಟರಲ್ಲಿ ತುಣುಕನ್ನೇ ಬಿಚ್ಚಿಬಿಟ್ಟಿರಬಹುದು. ಅವನು ಕಾಲಿಡುವ ಮೊದಲೇ ಹೊರಗೆ ನಿಂತವರು ಹಾಕಬೇಕು. ವರ್ಷಗಟ್ಟಲೆ ಇದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಎಂಥ ಒಳ್ಳೆಯ ಏರ್ಪಾಡು ಎಂದು ಒಮ್ಮೆಯೂ ಅನಿಸಿರಲಿಲ್ಲ.

ಕನ್ನಡಕ ಹಾಕಿಕೊಂಡು ಏಣಿ ಹತ್ತಿ, ಇನ್ನೆರಡು ಮೆಟ್ಟಿಲು ಉಳಿದಿದ್ದಾಗ ಕಣ್ಣೆದುರಿಗೇ ಚಾಚಾ ಅವರ ಬರಿಗಾಲು. ಕಾದ ಬಂಡೆಯ ಮೇಲೆ ಒಂದು ಕಾಲೆತ್ತಿ ಇನ್ನೊಂದು ಊರುತ್ತ ನಿಂತಿದ್ದರು. ಚಪ್ಪಲಿ ಗೇಣು ದೂರದಲ್ಲೇ ಇದ್ದವು, ಮೆಟ್ಟಿರಲಿಲ್ಲ. ಕರ್ನಲ್ಲಿಗೆ ಇಷ್ಟು ವರ್ಷ ಬೈದದ್ದಕ್ಕೆಲ್ಲ ಮನಸ್ಸಿನಲ್ಲೇ ಮಾಫಿ ಕೇಳಿ, ಉಳಿದ ಮೆಟ್ಟಿಲುಗಳನ್ನು ಗಡಿಬಿಡಿಯಿಂದ ಹತ್ತಿದೆ.