ಹಕ್ಕಿನ ಒತ್ತು

ಮೂರು ವರ್ಷದ ಹಿಂದೆ, ಶಿವಮೊಗ್ಗದ ನವುಲೆಯ ನನ್ನ ಮನೆಯಲ್ಲೇ ಕೂತು ಕನ್ನಡ ಫಾಂಟ್ ವಿನ್ಯಾಸ ಮಾಡುತ್ತಿದ್ದಾಗ, ಅಮೆರಿಕದಿಂದ ಎಲೆನಾ ಎಂಬುವರು ಇಮೇಲ್ ಬರೆದರು. ಅವರದು ಮೆಕ್ಸಿಕೊ ಮೂಲದ ಮನೆತನ. ಅಜ್ಜ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರ ಹೋರಾಡಿ ಬಂದರೂ ಮೆಕ್ಸಿಕೊದವರೆಂದು ಸ್ವಂತ ಊರಿನ ಹೋಟೆಲಿನಲ್ಲೇ ಅವರಿಗೆ ಊಟ ಕೊಡಲಿಲ್ಲವಂತೆ. ವಿಯೆಟ್ನಾಂ ಯುದ್ಧದ ಕಾಲಕ್ಕೆ ಅದೇ ಸಮುದಾಯದವರು ಫಲಕ ಹಿಡಿದು ಬೀದಿಗಿಳಿದರು. ಆ ಫಲಕಗಳ ಕೈಬರಹದಿಂದ ಎಲೆನಾ ಒಂದು ಫಾಂಟ್ ಮಾಡಿ, ಹಲವು ಲಿಪಿಗಳಲ್ಲಿ ಅದಕ್ಕೆ ಜೋಡಿ ಮಾಡಿಸುತ್ತಿದ್ದರು. ಕನ್ನಡ ನನ್ನ ಪಾಲಿಗೆ ಬಂತು.

ನಾಲ್ಕು ತಿಂಗಳು ತಿದ್ದಿದೆ. ಒತ್ತಕ್ಷರ ಮಾತ್ರ ಕೂರಲೇ ಇಲ್ಲ. ದಪ್ಪ ಅಕ್ಷರದ ಒತ್ತು ಇಳಿದು ಕೆಳಗಿನ ಸಾಲಿಗೆ ಬಡಿಯುತ್ತಿತ್ತು. ಚಿಕ್ಕದು ಮಾಡಿದರೆ ಸೊರಗುತ್ತಿತ್ತು. "ಸಿಟ್ಟಿನಲ್ಲಿ ಬರೆದ ಹಾಗೆ ಕಾಣುತ್ತಿಲ್ಲ. ಇನ್ನೊಂದೇ ಸಲ ನೋಡೋಣ" ಎಂದು ಎಲೆನಾ ಬರೆದರು. ಅದೂ ಆಗದಿದ್ದರೆ ಕೆಲಸ ಬೇರೆಯವರ ಪಾಲು.

ಬೇರೆ ದಾರಿ ಕಾಣದೆ ಭದ್ರಾವತಿಯ ನ್ಯೂ ಟೌನಿಗೆ, ಮುರುಗೇಶನ ಹತ್ತಿರ ಹೋದೆ. ನಾವಿಬ್ಬರೂ ಒಂದೇ ಅಂಗಡಿಯಲ್ಲಿ ಬೋರ್ಡ್ ಬರೆಯಲು ಕಲಿತವರು. ಅವನ ಗೆರೆ ನೋಡಿದರೆ ಆಗಲೇ ನನ್ನ ಹೊಟ್ಟೆ ಉರಿಯುತ್ತಿತ್ತು. ನಾನು ಕಂಪ್ಯೂಟರ್ ಹಿಡಿದೆ, ಅವನು ಬ್ರಷ್ ಬಿಡಲಿಲ್ಲ. ಕಾರ್ಖಾನೆ ಗೇಟಿನ ಮುಂದೆ ಕಾರ್ಮಿಕರು ಹಿಡಿಯುತ್ತಿದ್ದ ಫಲಕಗಳೆಲ್ಲ ಅವನ ಕೈಯವೇ.

ನನ್ನ ತೊಂದರೆ ಕೇಳಿ ಮುರುಗೇಶ ರಟ್ಟಿನ ಮೇಲೆ 'ಹಕ್ಕು' ಎಂದು ಬರೆದ. ಒತ್ತನ್ನು ಕೆಳಗಿಳಿಸದೆ ಅಕ್ಷರದ ಬಲ ಮಗ್ಗುಲಿಗೆ, ಮೇಲಕ್ಕೆ ಕೂರಿಸಿದ.

"ಒತ್ತು ಯಾಕೋ ಅಷ್ಟು ಮೇಲೆ?"

"ಫಲಕಾನ ಕೆಳಗೇ ತಾನೆ ಹಿಡ್ಕೊಳ್ಳೋದು ಮಾರಾಯ? ಬೆರಳು ಒತ್ತಿನ ಮೇಲೇ ಬರುತ್ತೆ. ಪೇಪರ್ ಫೋಟೋದಲ್ಲಿ 'ಹಕು' ಅಂತ ಬಂದ್ರೆ ಎಲ್ರೂ ಬೈಯೋದು ನನ್ನನ್ನೇ."

ನನಗೆ ಖುಷಿಯಾಗಬೇಕಿತ್ತು. ಮೈಯೆಲ್ಲ ಉರಿಯಿತು. "ಪರವಾಗಿಲ್ಲ" ಎಂದಷ್ಟೇ ಹೇಳಿ ಫೋಟೋ ತೆಗೆದುಕೊಂಡು ಬಂದೆ. ಒತ್ತುಗಳನ್ನೆಲ್ಲ ಅವನ ರೀತಿಯಲ್ಲೇ ಕೂರಿಸಿ, ನನ್ನೊಬ್ಬನ ಹೆಸರು ಹಾಕಿ ಕಳಿಸಿದೆ.

ಎಲೆನಾ ವಿಡಿಯೋ ಕಾಲ್ ಮಾಡಿದರು. ಕೆಲಸ ಒಪ್ಪಿಗೆಯಾಗಿತ್ತು. ಅವರ ಹಿಂದಿನ ಗೋಡೆಯಲ್ಲಿ ಹಳೆಯ ಫಲಕವೊಂದಿತ್ತು. "ಇದನ್ನು ಬರೆದವರು ಯಾರೆಂದು ನಮಗೆ ಗೊತ್ತೇ ಆಗಲಿಲ್ಲ" ಎಂದರು. ಆಮೇಲೆ ಕೇಳಿದರು: "ನಿಮ್ಮ ಒತ್ತುಗಳನ್ನು ಬರೆದದ್ದು ಬೇರೆ ಕೈ ಅಲ್ಲವೇ?"

ಇಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು ಮುರುಗೇಶನ ಹೆಸರು.

ಈಗ ಫಾಂಟಿನಲ್ಲಿ ಎರಡು ಹೆಸರುಗಳಿವೆ. ಮೆಚ್ಚಿದವರೆಲ್ಲ ಒತ್ತನ್ನೇ ಮೆಚ್ಚುತ್ತಾರೆ. ಈಗಲೂ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳಲಾರೆ. ಆದರೆ ಯಾವ ಕೆಲಸವನ್ನಾದರೂ ಕಳಿಸುವ ಮುನ್ನ, ನನ್ನ ಬೆರಳು ಯಾರ ಹೆಸರಿನ ಮೇಲಿದೆ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ.