ಮೊದಲು ಸಹಿ ಹಾಕಿದವಳು ನಾನು

ನನ್ನ ಓದು ನಾಲ್ಕನೆಯ ಇಯತ್ತೆಗೆ ಮುಗಿಯಿತು. ಹೆಸರು ಬರೆದು ಸಹಿ ಮಾಡಲು ಅಷ್ಟು ಸಾಕಾಗಿತ್ತು. ಆ ಸಹಿಯನ್ನು ಎಲ್ಲಿ ಹಾಕಿದೆ ಎಂಬುದನ್ನು ನಾನು ಇಷ್ಟು ದಿನ ಯಾರಿಗೂ ನೆಟ್ಟಗೆ ಹೇಳಿರಲಿಲ್ಲ.

ಅಪ್ಪ ತೀರಿಕೊಂಡ ವರ್ಷ ತವರೂರು ಮುಡಬಿಯ ಹೊಲಕ್ಕೆ ವಾರಸುದಾರರ ಹೆಸರು ಏರಿಸಬೇಕಾಗಿತ್ತು. ನಾವು ಮೂವರು ಮಕ್ಕಳು. ಊರಲ್ಲೇ ಉಳಿದ ತಮ್ಮ ಒಕ್ಕಲುತನ ಮಾಡುತ್ತಿದ್ದ. ನನ್ನನ್ನು ನಾರಾಯಣಪುರಕ್ಕೆ ಕೊಟ್ಟಿದ್ದರು, ತಂಗಿಯನ್ನು ಹುಮನಾಬಾದಿಗೆ. ಗಂಡ ಬೇರೊಬ್ಬಳನ್ನು ಕಟ್ಟಿಕೊಂಡು ಹೋದ ಮೇಲೆ ತಂಗಿ ಮಾಣಿಕನಗರದಲ್ಲಿ ಒಂದು ಖೋಲಿ ಹಿಡಿದು, ಕುಬಸ ಹೊಲಿದು ಮಗಳನ್ನು ಸಾಕುತ್ತಿದ್ದಳು.

ಇಂಥ ಹೊತ್ತಿಗೆ ನಮ್ಮ ಕಡೆ ಅಕ್ಕತಂಗಿಯರು ಬಸವಕಲ್ಯಾಣದ ನೋಂದಣಿ ಕಚೇರಿಗೆ ಹೋಗಿ, ಪಾಲು ಬೇಡವೆಂದು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕುತ್ತಾರೆ. ತವರಿನವರು ಸೀರೆ ಕೊಟ್ಟು, ಉಡಿ ತುಂಬಿ, ಹೋಳಿಗೆ ಊಟ ಹಾಕಿ ಕಳಿಸುತ್ತಾರೆ. ಸಹಿ ಹಾಕದವಳನ್ನು ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ.

ಹಿಂದಿನ ದಿನ ತಂಗಿ ನಮ್ಮ ಮನೆಗೆ ಬಂದಳು.

"ಅಕ್ಕಾ, ನಮ್ಮ ಹೆಣ್ಮಕ್ಕಳ ಸಂಘದ ಮೀಟಿಂಗಿಗಿ ಒಬ್ಬಾಕಿ ವಕೀಲಮ್ಮ ಬಂದಿದ್ಳು. ಕಾಯ್ದೆ ಬದಲಾಗ್ಯದಂತ. ಹೆಣ್ಮಕ್ಕಳಿಗಿ ಭಿ ಗಂಡಮಕ್ಕಳಷ್ಟೇ ಪಾಲು. ನಾ ಒಬ್ಬಾಕಿ ಕೇಳಿದ್ರ ಆಸಿಬುರಕಿ ಅಂತಾರ. ಇಬ್ಬರು ಕೇಳಿದ್ರ ಕಾಯ್ದೆ ಅಂತಾರ."

"ಆಯ್ತು, ಕೂಡೇ ಕೇಳೋಣ" ಎಂದೆ. ಮಾತು ಕೊಟ್ಟೆ.

ಮರುದಿನ ಕಚೇರಿಯ ಅಂಗಳದಲ್ಲಿ ತಮ್ಮ ನನ್ನ ಕೈಚೀಲ ಇಸಿದುಕೊಂಡು, "ಅಕ್ಕಾ, ಬಿಸಿಲಾಗ ಬಂದೀದಿ, ಚಹಾ ಕುಡೀತಿ ಏನು?" ಎಂದ. ಅಷ್ಟಕ್ಕೇ ನನ್ನ ಧೈರ್ಯ ಹೋಯಿತು. ಪತ್ರ ಬರೆಯುವವನು ಬೆರಳಿಟ್ಟ ಜಾಗದಲ್ಲಿ ಸಹಿ ಹಾಕಿಬಿಟ್ಟೆ. ಅಲ್ಲಿಗೇ ನಿಲ್ಲಲಿಲ್ಲ. ತಂಗಿಯ ಮುಖ ನೋಡದೆ, "ನೀ ಭಿ ಮಾಡವ್ವ. ಅಪ್ಪನ ಮನಿ ಬಾಗಿಲಾ ಮುಚ್ಚಿಸಬ್ಯಾಡ" ಎಂದೆ.

"ನಿನ್ನ ಪಾಲು ನೀ ಬಿಟ್ಟಿ, ಬಿಡು. ನಂದ್ಯಾಕ ಬಿಡಸಾಕತ್ತಿ?" ಎಂದಳು ತಂಗಿ. ಪೆನ್ನು ಮೇಜಿನ ಮೇಲಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

"ಸಣ್ಣಾಕಿ ಭಾಳ ಶಾಣ್ಯಾ ಇದ್ದಾಳ್ರಿ" ಎಂದು ಪತ್ರ ಬರೆಯುವವನು ನಕ್ಕ. ನಾನೂ ನಕ್ಕೆ. ಆವತ್ತು ಹೋಳಿಗೆ ಉಂಡೆ. ಮುಂದೆ ಮದುವೆ ಮುಂಜಿಗೆ ಹೋದಲ್ಲೆಲ್ಲ ತಂಗಿಗೆ ಆಸೆ ಹೆಚ್ಚಾಯಿತೆಂದು ನಾನೇ ಹೇಳಿದೆ. ಅವಳು ಹೆದರಿದ್ದ ಮಾತನ್ನು ಊರಿಗೆಲ್ಲ ಹಂಚಿದವಳು ನಾನು.

ಅವಳು ಒಬ್ಬಳೇ ಕಚೇರಿಗಳಿಗೆ ತಿರುಗಿದಳು. ಎರಡು ವರ್ಷಕ್ಕೆ ಪಹಣಿಯಲ್ಲಿ ಅವಳ ಹೆಸರು ಬಂತು. ಈಗ ಅವಳ ಪಾಲಿನ ಹೊಲದಲ್ಲಿ ತೊಗರಿ ಬೆಳೆಯುತ್ತದೆ. ಬಿತ್ತುವವನು ತಮ್ಮನೇ, ಫಸಲು ಬಂದಾಗ ಬೈಯುತ್ತಲೇ ಅವಳ ಚೀಲ ಮುಟ್ಟಿಸಿ ಬರುತ್ತಾನೆ. ಅವಳನ್ನು ನೋಡಿ ಮುಡಬಿಯಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳು ಪಾಲು ಕೇಳಿದರು.

ಬಸವಕಲ್ಯಾಣದಲ್ಲಿ ಹೆಂಗಸರ ಬಗ್ಗೆ ಭಾಷಣವೆಂದರೆ ಹನ್ನೆರಡನೆಯ ಶತಮಾನದ ಶರಣೆಯರದೇ ಮಾತು. ಕೇಳಿ ನಾನೂ ಕೈ ಮುಗಿದಿದ್ದೇನೆ. ಆದರೆ ಆಮೇಲೆ ಏನೂ ಆಗಲೇ ಇಲ್ಲವೆಂಬಂತೆ ಮಾತು ಮುಗಿಸುತ್ತಾರೆ. ಮೊನ್ನೆ ಮೊನ್ನೆ ಹೆಂಗಸರು ಪಂಚಾಯಿತಿಗೆ ಆರಿಸಿ ಬಂದದ್ದು, ಸಂಘದ ಜಮಖಾನೆಯ ಮೇಲೆ ಕುಳಿತು ಕಾಯ್ದೆ ಕೇಳಿದ್ದು ಯಾರ ಬಾಯಲ್ಲೂ ಬರುವುದಿಲ್ಲ. ಇಂಥವರನ್ನು ಕಣ್ಣಾರೆ ಕಂಡವರು ನಾವು. ನಾನಂತೂ ಒಬ್ಬಳ ಪಕ್ಕದಲ್ಲೇ ನಿಂತು ಅಡ್ಡಗಾಲು ಹಾಕಿದೆ.

ಹೋದ ವರ್ಷ ನನ್ನ ಯಜಮಾನರು ತೀರಿಕೊಂಡರು. ಮತ್ತೆ ವಾರಸಿನ ಕಾಗದ, ಹೆಸರು ಏರುವವರೆಲ್ಲರ ಆಧಾರ್ ಕಾರ್ಡ್ ಕೊಡಬೇಕಿತ್ತು. ಇಬ್ಬರು ಗಂಡುಮಕ್ಕಳ ಹೆಸರು ಬರೆಸಿ, ಮಗಳದನ್ನೂ ಬರೆಯಿರಿ ಎಂದು ಅರ್ಜಿ ಬರೆಯುವವನಿಗೆ ಹೇಳಿದೆ. ಆ ರಾತ್ರಿ ಹಿರಿಯ ಮಗ ಉಣ್ಣುವ ತಾಟು ಸರಿಸಿ ಎದ್ದು ಹೋದ. ಮಗಳೇ ಹೆದರಿದಳು. "ಬ್ಯಾಡ ಯವ್ವಾ, ಅಣ್ಣಗ ಸಿಟ್ಟು ಬಂದದ. ನಾ ಬಿಟ್ಟು ಕೊಡ್ತೀನಿ."

ಅಂದು ಬಸವಕಲ್ಯಾಣದ ಕಚೇರಿಯಲ್ಲಿ ನನಗಿದ್ದ ಹೆದರಿಕೆಯೇ ಮಗಳ ಬಾಯಲ್ಲಿ ಬಂದಂತಾಯಿತು. ಏನು ಹೇಳಬೇಕೋ ತಿಳಿಯದೆ ತಂಗಿಗೆ ಫೋನ್ ಮಾಡಿದೆ. ಮೊದಲು ನನ್ನ ತಪ್ಪು ಹೇಳಿದೆ, ಮಾತು ಕೊಟ್ಟು ತಪ್ಪಿದ್ದು, ಊರಲ್ಲಿ ಆಡಿಕೊಂಡದ್ದು, ಎಲ್ಲ.

ತಂಗಿ ಹೇಳಿದಳು: "ಬಸ್ ಹೋದ ಮ್ಯಾಲ ಕೈ ಮಾಡಾಕತ್ತಿ ನೋಡು ಅಕ್ಕಾ. ನನಗ ಆವಾಗ ಭಾಳ ಕೆಟ್ಟ ಅನಿಸಿತ್ತು. ಇಲ್ಲ ಅಂತ ಹೇಳಲ್ಲ." ಆಮೇಲೆ, "ಅಳಬ್ಯಾಡ. ಫೋನ್ ಹುಡುಗಿ ಕೈಗಿ ಕೊಡು" ಎಂದಳು.

ಮಗಳು ಫೋನ್ ತೆಗೆದುಕೊಂಡು ಹೊರಗೆ ಕಟ್ಟೆಯ ಮೇಲೆ ಕುಳಿತಳು. ಬಹಳ ಹೊತ್ತು ಬರೀ "ಹೂಂ ಚಿಗವ್ವ, ಹೂಂ" ಎನ್ನುವುದಷ್ಟೇ ಕೇಳುತ್ತಿತ್ತು. ಒಳಗೆ ಬಂದವಳು ಟ್ರಂಕಿನ ಮುಚ್ಚಳ ಎತ್ತಿ ಕೇಳಿದಳು: "ಯವ್ವಾ, ನನ್ನ ಆಧಾರ್ ಕಾರ್ಡ್ ಎಲ್ಲಿಟ್ಟೀದಿ?"