ಫೈನಲ್ಲಿಗೆ ಮುಂಚಿನ ಗಂಜಿತಿಳಿ

ಹಂಗಾರಕಟ್ಟೆಯ ಹೊಳೆಬದಿಯ ಮೈದಾನದಲ್ಲಿ ಹೆಂಗಸರ ಹಗ್ಗಜಗ್ಗಾಟ. ಸಾಸ್ತಾನದ ನಮ್ಮ ತಂಡದ ಕೊನೆಯಾಳು ನನ್ನ ಹೆಂಡತಿ; ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಊರಿ ನಿಲ್ಲುವವಳು. ಕುಡಿಯುವುದರ ಉಸ್ತುವಾರಿ ನನ್ನದು. ಯಾರೂ ವಹಿಸಿರಲಿಲ್ಲ, ನಾನೇ ವಹಿಸಿಕೊಂಡಿದ್ದೆ. ಏಪ್ರಿಲ್ ಬಿಸಿಲಿಗೆ ಯಾರಾದರೂ ತಲೆತಿರುಗಿ ಬಿದ್ದರೆ ಎಂಬ ಯೋಚನೆಗೆ ವಾರದಿಂದ ನನಗೇ ತಲೆ ತಿರುಗುತ್ತಿತ್ತು.

ಬಣ್ಣದ ಜ್ಯೂಸು ಬರೀ ಸಕ್ಕರೆ ಎಂದು ಬಿಟ್ಟೆ. ಬೊಂಡದ ಎಳನೀರು ಒಳ್ಳೆಯದೇ, ಆದರೆ ಬೆವರಿನಲ್ಲಿ ಹೋದಷ್ಟು ಉಪ್ಪು ಅದರಲ್ಲಿ ಸಿಗಬೇಕಲ್ಲ? ಮಜ್ಜಿಗೆ ಹುಳಿ ಬಂದರೆ? ಕೊನೆಗೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿತಿಳಿ ಒಂದು ಕ್ಯಾನು, ಬೊಂಡದ ಗೊನೆ, ಓಆರ್‌ಎಸ್ ಪ್ಯಾಕೆಟ್ಟು, ಅದನ್ನು ಸರಿಯಾಗಿ ಕರಗಿಸಲು ಲೀಟರ್ ಬಾಟಲಿ. ಎಲ್ಲವನ್ನೂ ಆಟೋಗೆ ಹೇರಿದೆ.

"ಹ್ವಾಯ್, ಎಲ್ಲಿ ಮದಿ?" ಎಂದ ಆಟೋದವ, ಮದುವೆಮನೆಯ ಸಾಮಾನೆಂದು ತಿಳಿದು.

ಸೆಮಿಫೈನಲ್ ಗೆದ್ದೇಬಿಟ್ಟರು! ನಾನು ಕುಣಿಯುವಷ್ಟರಲ್ಲಿ ಹೆಂಡತಿ ಮೀನಖಂಡ ಹಿಡಿದು ಕುಳಿತಳು. ಲೋಟ ಹಿಡಿದು ಓಡಿದೆ.

"ಬ್ಯಾಡ."

"ಬೊಂಡ ಕೊಚ್ಚುದಾ?"

"ಎಂತದೂ ಬ್ಯಾಡ."

ತಂಡದ ಒಬ್ಬರೂ ಬೆಳಗಿನಿಂದ ಗುಟುಕು ಇಳಿಸಿರಲಿಲ್ಲ. "ಹೀಂಗಾರೆ ಫೈನಲ್ಲಿಗೆ ಕಾಲ್ ಎಂತ ಆತ್ತ್ ಮಾರಾಯ್ತಿ?" ಎಂದು ಗೋಗರೆದೆ.

ಅವಳು ನನ್ನ ಅಂಗಿ ಹಿಡಿದೆಳೆದು ಕಿವಿಯಲ್ಲಿ ಹೇಳಿದಳು: "ಕುಡುದ್ರೆ ಮತ್ತೆ ಹೋಪುದ್ ಎಲ್ಲಿಗೆ? ನಿಮ್ಗಾರೆ ಬೇಲಿ ಇತ್ತ್. ನಮ್ಗೆ?"

ಸುತ್ತ ನೋಡಿದೆ. ಶಾಮಿಯಾನವಿತ್ತು, ಮೈಕಿತ್ತು, ಅತಿಥಿಗಳಿಗೆ ಹೂಗುಚ್ಛವಿತ್ತು. ಶೌಚಾಲಯ ಮಾತ್ರ ಇರಲಿಲ್ಲ. ಏನೆಲ್ಲ ಕೆಟ್ಟದ್ದಾಗಬಹುದೆಂದು ವಾರವಿಡೀ ಯೋಚಿಸಿದವನಿಗೆ ಇದು ಹೊಳೆದಿರಲಿಲ್ಲ.

ರಸ್ತೆಯಾಚೆಯ ಹೆಂಚಿನ ಮನೆಗೆ ಓಡಿದೆ. ನನ್ನ ಏದುಸಿರು ಕಂಡು, ಬಾಯಾರಿಕೆಯೆಂದುಕೊಂಡು ಮನೆಯಾಕೆ ಕೇಳಿದರು, "ಆಸ್ರಿಗೆ ಎಂತಾರೂ ಕೊಡ್ಲಾ?"

"ಆಸ್ರಿಗೆ ಬ್ಯಾಡ ಅಮ್ಮ, ಪಾಯಿಖಾನೆ ಬೇಕಿತ್ತ್!"

"ಅಯ್ಯೋ, ಹಿಂದಿತ್ತ್, ಓಡಿ!"

"ನಂಗಲ್ಲ, ಎರಡ್ ಟೀಮಿನ ಹೆಂಗ್ಸ್ರಿಗೆ!"

ಅವರು ನಕ್ಕು ಹಿಂಬಾಗಿಲು ತೆರೆದರು. "ಎಲ್ಲರೂ ಬರ್ಲಿ. ನಾನೂ ಆಟ ಕಾಂಬುಕೇ ಹೊರ್ಟದ್ದ್."

ಸುದ್ದಿಯನ್ನು ಹೆಂಡತಿಯ ಕಿವಿಗಷ್ಟೇ ಹಾಕಿದೆ. ಮೈಕು ಬೇಕಾಗಲಿಲ್ಲ. ಎದುರಾಳಿ ಕಿರಿಮಂಜೇಶ್ವರದವರೂ ಲೋಟ ಹಿಡಿದು ಬಂದರು. ಗಂಜಿತಿಳಿ ಬಗ್ಗಿಸುತ್ತಾ, ಇವರಿಗೇ ಶಕ್ತಿ ಹೆಚ್ಚಾಗಿ ನಾವು ಸೋತರೆ ಎಂದು ಹೊಸ ಚಿಂತೆ ಹಿಡಿಯಿತು. ಆದರೂ ಲೋಟ ತುಂಬಿಯೇ ಕೊಟ್ಟೆ.

ಪೀಪಿ ಊದಿದರು. ಹಗ್ಗ ಬಿಗಿಯಿತು. ಮಧ್ಯದ ಕೆಂಪು ಬಟ್ಟೆ ಅತ್ತ ಹೋಯಿತು, ಇತ್ತ ಬಂತು, ಮತ್ತೆ ಅತ್ತ! ನಾನು ಅವಳ ಕಾಲನ್ನೇ ನೋಡುತ್ತಾ, ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಆ ಕಾಲು ಮಣ್ಣಿನಲ್ಲಿ ಹೂತು ನಿಂತಿತು, ಒಂದು ಹೆಜ್ಜೆ ಹಿಂದೆ ಸರಿಯಿತು, ಇನ್ನೊಂದು. ಕೆಂಪು ಬಟ್ಟೆ ನಮ್ಮ ಗೆರೆ ದಾಟಿತು!

ಅವಳು ಧೂಳಿನಲ್ಲಿ ಅಂಗಾತ ಬಿದ್ದು ನಗುತ್ತಿದ್ದಳು.

"ಕಾಲ್?" ಎಂದೆ.

"ಕಾಲ್ ಇತ್ತ್. ಆಸ್ರಿಗೆ ಎಂತ ಇತ್ತ್?"

ಉಳಿದಿದ್ದ ಒಂದೇ ಬೊಂಡ ಕೊಚ್ಚಿಕೊಟ್ಟೆ. ಎದ್ದು ಕುಳಿತು, ಗದ್ದದಿಂದ ಇಳಿಯುವುದನ್ನೂ ಒರೆಸದೆ, ಪೂರ್ತಿ ಕುಡಿದಳು.